ರಟ್ಟಿನೊಳಗಿನ ಗಲ್ಲಿ

ಆಗ್ರಾ, ಮುನ್ಶಿ ಹರಸುಖ ಲಾಲರ ಮನೆಯ ಹಿಂಬದಿ ಕೋಣೆಯಿಂದ
ರಜಬ್ ತಿಂಗಳ ಹನ್ನೊಂದು, ಹಿಜರಿ 1244

ಪ್ರೀತಿಯ ತಮ್ಮ ಕರಾಮತ್‌ಗೆ ನಿನ್ನ ಆಪಾ ವಜೀರನ್ ಮಾಡುವ ದುವಾ.

ಹೇಗಿದ್ದೀಯ? ಎಡಗಣ್ಣಿನಲ್ಲಿ ನೀರು ಸೋರುವುದು ನಿಂತಿತೇ? ಕಲ್ಕತ್ತೆಯಲ್ಲಿ ಹೊದೆಯುವ ರಜಾಯಿಯೂ ಒಣಗದಷ್ಟು ತೇವ ಎಂದು ನೀನು ಹಿಂದೆ ಬರೆದಿದ್ದೆ. ಆ ತೇವ ನಿನ್ನ ಕಣ್ಣಿಗೆ ಆಗಿಬರುವುದಿಲ್ಲ. ಮೋಡ ಮುಚ್ಚಿದ ದಿನ ಚಿತ್ರದಲ್ಲಿ ಜಾಲಂದ್ರದ ಸಣ್ಣ ಕೆಲಸ ಇಟ್ಟುಕೊಳ್ಳಬೇಡ, ಅಂಥ ದಿನ ಆಕಾಶಕ್ಕೋ ಮೆಟ್ಟಿಲಿಗೋ ಬಣ್ಣ ಬಳಿ. ಗುಲಾಬಿ ನೀರಿನಲ್ಲಿ ಅದ್ದಿದ ಹತ್ತಿಯನ್ನು ರೆಪ್ಪೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಮಲಗು. ಸುಮ್ಮನೆ ಮಲಗುವುದು ನಿನಗೆ ಬಾರದು ಎಂದು ಗೊತ್ತಿದ್ದರೂ ಹೇಳುತ್ತೇನೆ. ನಿನ್ನ ಮೇಲೆ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಈ ಕಾಗದ ಬರೆಯಲು ಕುಳಿತವಳು ನಾನು. ಆದರೆ ಕಲಮು ಹಿಡಿದ ಕೂಡಲೇ ಮೊದಲು ಕೈಗೆ ಬಂದದ್ದು ನಿನ್ನ ಕಣ್ಣಿನ ವಿಚಾರ. ಅಮ್ಮಿ ತೀರಿಕೊಂಡ ಮೇಲೆ ನಿನ್ನ ಮುಖ ತೊಳೆಸಿ ತೊಳೆಸಿ ಅಭ್ಯಾಸವಾದ ಕೈ ಇದು. ಇದಕ್ಕೆ ಇನ್ನೂ ಬುದ್ಧಿ ಬಂದಿಲ್ಲ.

ಮೇಲೆ ಬರೆದ ಜಾಗದ ಹೆಸರು ನೋಡಿ ನಿನಗೆ ಗಲಿಬಿಲಿಯಾಗಿರಬೇಕು. ಹೌದು, ನಾನೀಗ ಮುನ್ಶಿಯವರ ಮನೆಯಲ್ಲಿದ್ದೇನೆ, ಅವರ ಕೊಟ್ಟಿಗೆಗೆ ತಗುಲಿಕೊಂಡ ಕೋಣೆಯಲ್ಲಿ. ಅವರ ಹಸು ಗೋಡೆಗೆ ಮೈ ಉಜ್ಜಿದರೆ ನನ್ನ ದವಾತು ಅಲುಗಾಡುತ್ತದೆ. ಅಲ್ಲಲ್ಲಿ ಶಾಯಿ ಚೆಲ್ಲಿದ್ದರೆ ಅದು ಹಸುವಿನ ತಪ್ಪು. ರೊಟ್ಟಿಯವರ ಗಲ್ಲಿಯ ನಮ್ಮ ಮನೆ ಈಗಿಲ್ಲ. ಗಲ್ಲಿಯೇ ಇಲ್ಲ. ಬಡೀ ಬೇಗಂ ಮಸೀದಿಯ ಉತ್ತರದ ಗೋಡೆಗೆ ಬೆನ್ನು ಕೊಟ್ಟುಕೊಂಡು ನಿಂತಿದ್ದ ಮನೆಗಳನ್ನೆಲ್ಲ ಮಳೆಗಾಲ ಮುಗಿಯುತ್ತಲೇ ಕೆಡವಿದರು. ಹೋದ ತಿಂಗಳು ಬಂದ ಕಾಗದದಲ್ಲಿ ನೀನು ಅಬ್ಬಾನ ಚುಚ್ಚುಹಾಳೆಗಳನ್ನೆಲ್ಲ ಕಟ್ಟಿ ಕಳಿಸಲು ಹೇಳಿದ್ದೀಯ, ಅವಿಲ್ಲದೆ ನಿನ್ನ ಕಪ್ತಾನ ಸಾಹೇಬನ ಪುಸ್ತಕದ ಚಿತ್ರಗಳು ಮುಂದೆ ಸಾಗುತ್ತಿಲ್ಲ ಎಂದು ಬರೆದಿದ್ದೀಯ. ಮನೆ ಏನಾಯಿತು ಎಂದು ಕೇಳಿಲ್ಲ. ಕೇಳಲು ಹೆದರಿದೆಯೋ, ಮರೆತೆಯೋ, ನನಗೆ ತಿಳಿಯದು. ನೀನು ಕೇಳದೆ ಬಿಟ್ಟದ್ದನ್ನು ಮೊದಲು ಹೇಳುತ್ತೇನೆ. ಕೇಳಿದ್ದು ಆಮೇಲೆ.

ಈಗ ನಿನಗೆ ವಿಲಾಯತಿ ಕಾಗದ, ವಿಲಾಯತಿ ಸೀಸದ ಕಡ್ಡಿ. ನಮ್ಮ ಮನೆಯ ಕೆಲಸ ನೆನಪಿದೆಯೋ ಇಲ್ಲವೋ. ಅಬ್ಬಾ ಮಸೀದಿಯ ಅರ್ಧವನ್ನು ಮಾತ್ರ ಹಗ್ಗ ಹಿಡಿದು ಅಳೆಯುತ್ತಿದ್ದರು, ದಕ್ಷಿಣದ ಅರ್ಧವನ್ನು. ಗೆರೆ ಎಳೆದು ಮುಗಿದ ಮೇಲೆ ಆ ಹಾಳೆ ನನ್ನ ತೊಡೆಯ ಮೇಲೆ ಬರುತ್ತಿತ್ತು. ಗೆರೆಯುದ್ದಕ್ಕೂ ನಾನು ಸೂಜಿಯಿಂದ ಚುಚ್ಚಬೇಕು. ಚುಚ್ಚಿದ ಹಾಳೆಯನ್ನು ಹೊಸ ಹಾಳೆಯ ಮೇಲಿಟ್ಟು ಇದ್ದಿಲು ಪುಡಿಯ ಗಂಟಿನಿಂದ ತಟ್ಟಿದರೆ ಮಸೀದಿಯ ಅರ್ಧ ಚುಕ್ಕಿಚುಕ್ಕಿಯಾಗಿ ಕೆಳಗೆ ಇಳಿಯುತ್ತಿತ್ತು. ಆಮೇಲೆ ಅದೇ ಚುಚ್ಚುಹಾಳೆಯನ್ನು ಮಗುಚಿ ಹಾಕಿ ತಟ್ಟಿದರೆ ಉತ್ತರದ ಅರ್ಧವೂ ಸಿದ್ಧ. ಉತ್ತರದ ಗೋಡೆಯನ್ನು ನಮ್ಮ ಮನೆಯವರು ಯಾರೂ ಕಣ್ಣಿಂದ ನೋಡಿ ಬರೆದವರಲ್ಲ, ಅದು ಕಾಣುತ್ತಲೂ ಇರಲಿಲ್ಲ. ಕಾಣುವುದು ಹೇಗೆ? ಅದಕ್ಕೆ ಒರಗಿಕೊಂಡು ನಾವೇ ಇದ್ದೆವಲ್ಲ. ರಮ್ಜೂ ಚಾಚಾನ ರೊಟ್ಟಿಯ ಒಲೆ, ನಮ್ಮ ಮನೆ, ಆಚೆ ಗಾಳಿಪಟದವರ ಮನೆ, ಮೂಲೆಯಲ್ಲಿ ಅಜಾನ್ ಕೂಗುವ ಮುಅಜ್ಜಿನ್ ಸಾಹೇಬರ ಕೋಣೆ. ದಕ್ಷಿಣದಲ್ಲಿ ಕೆಂಪುಕಲ್ಲಿನ ಹೂಬಳ್ಳಿಯ ಹಲಗೆಗಳಿವೆ, ಉತ್ತರದಲ್ಲೂ ಇರುತ್ತವೆ ಎಂದು ಅಬ್ಬಾ ನಂಬಿದ್ದರು. ನಾವೂ ನಂಬಿದ್ದೆವು.

ಆದರೆ ಅಬ್ಬಾನದು ಇನ್ನೊಂದು ಶಿಸ್ತಿತ್ತು. ಮೊದಲ ಹಾಳೆಯಲ್ಲಿ ಕಂಡದ್ದೆಲ್ಲ ಬರಬೇಕು. ಒಲೆಯ ಹೊಗೆ, ಒಣಹಾಕಿದ ಬಟ್ಟೆ, ಮುರಿದ ಮೂಲೆ, ಮಲಗಿದ ನಾಯಿ. ಅದು ಕಣ್ಣಿನ ಸಾಧನೆಗೆ. ಎರಡನೆಯ ಹಾಳೆಯಲ್ಲಿ ಮನೆಗಳನ್ನೂ ಮರಗಳನ್ನೂ ಅಳಿಸಿ ಮಸೀದಿಯನ್ನು ಬೇಗಂ ಕಟ್ಟಿಸಿದ ದಿನದ ಹಾಗೆ ತೋರಿಸಬೇಕು. ಅದು ಸಾಹೇಬರಿಗೆ. "ಸಾಹೇಬರಿಗೆ ಕಲ್ಲು ಬೇಕು ಮಗಾ, ನಾವು ಬೇಡ," ಎಂದು ನಗುತ್ತಿದ್ದರು. ಆಗ ಅದು ನಗುವ ಮಾತೇ ಆಗಿತ್ತು. ಕಪ್ತಾನ ಸಾಹೇಬನಿಗಾಗಿ ನೀನು ಮಾಡಿದ ಮೊದಲ ಚಿತ್ರ ನೆನಪು ಮಾಡಿಕೋ. ಆಗಿನ್ನೂ ಅವನು ನಿನಗೆ ವಿಲಾಯತಿ ಕಾಗದ ಕೊಟ್ಟಿರಲಿಲ್ಲ, ನಮ್ಮ ರಟ್ಟಿನ ಮೇಲೆಯೇ ಬರೆದೆ. ಆ ರಟ್ಟನ್ನು ಕಟ್ಟಿದವಳು ನಾನು. ಮೈದಾ ಅಂಟು ಕುದಿಸಿ, ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿ, ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ ಭುಜ ನೋಯಿಸಿಕೊಂಡಿದ್ದೆ. ರಟ್ಟಿನ ಹೊಟ್ಟೆಯೊಳಕ್ಕೆ ಹಾಕಲು ಹಾಳೆ ಸಾಲದೆ ಬಂದಾಗ ಅಬ್ಬಾ ನಿನ್ನ ಮೊದಲ ಹಾಳೆಯನ್ನೇ ತೆಗೆದು ಕೊಟ್ಟರು, ಗಲ್ಲಿಯೆಲ್ಲ ಇದ್ದ ಹಾಳೆಯನ್ನು. "ಇದು ಇಷ್ಟು ಚೆನ್ನಾಗಿದೆಯಲ್ಲ ಅಬ್ಬಾ, ಇದನ್ಯಾಕೆ ಹಾಕ್ಬೇಕು?" ಎಂದಿದ್ದೆ. "ಕಾಗದ ಏನು ಬೇವಿನ ಮರದಲ್ಲಿ ಬಿಡುತ್ತಾ? ಹಾಕು," ಎಂದರು. ಹಾಕಿದೆ. ಅದರ ಮೇಲೆ ನೀನು ಗಲ್ಲಿಯಿಲ್ಲದ ಮಸೀದಿ ಬರೆದೆ.

ಆ ಚಿತ್ರವನ್ನು ಕಪ್ತಾನ ಕಲ್ಕತ್ತೆಗೆ ಹೋಗುವಾಗ ಇಲ್ಲಿಯ ಕಚೇರಿಗೆ ನೆನಪಿಗೆಂದು ಕೊಟ್ಟು ಹೋಗಿದ್ದನಂತೆ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನೀನು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ಬಂದದ್ದು ನನಗೆ ನೆನಪಿದೆ. ರಮ್ಜೂ ಚಾಚಾ ನಿನಗಿಂತ ಹೆಚ್ಚು ಹೇಳಿಕೊಂಡ, ಯಾಕೆಂದರೆ ಎತ್ತರದ ಅಳತೆ ತಿಳಿಯಲು ಒಬ್ಬ ಮನುಷ್ಯನಿರಲಿ ಎಂದು ಸಾಹೇಬ ಹೇಳಿದಾಗ ನೀನು ಚಾಚಾನನ್ನೇ ನಿಲ್ಲಿಸಿಕೊಂಡು ಬರೆದಿದ್ದೆ, ಹೆಗಲ ಮೇಲೆ ಶಾಲು ಹೊದಿಸಿ, ಕೈಗೊಂದು ಕೋಲು ಕೊಟ್ಟು. ಅಡಿಕೆಯಷ್ಟು ದೊಡ್ಡ ಮನುಷ್ಯ. "ಕಂಪನಿ ಸರ್ಕಾರದ ಗೋಡೆ ಮೇಲೆ ನಾನಿದ್ದೀನಿ, ನಿಮ್ಮ ಬಾದಶಹನೂ ಇಲ್ಲ," ಎಂದು ಅವನು ರೊಟ್ಟಿ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಹೊಸ ಸಾಹೇಬನೊಬ್ಬ ಇಲ್ಲಿಗೆ ಬಂದ. ಕೆಟ್ಟವನೆಂದು ಹೇಳಲಾರೆ. ಹಳೆಯ ಕಟ್ಟಡಗಳೆಂದರೆ ಅವನಿಗೆ ಪ್ರಾಣ, ಮಸೀದಿಯ ಅಂಗಳಕ್ಕೆ ಬಂದರೆ ಯಾರೂ ಹೇಳದೆಯೇ ಬೂಟು ಬಿಚ್ಚುತ್ತಿದ್ದ. ಕಚೇರಿಯ ಗೋಡೆಯಲ್ಲಿ ನಿನ್ನ ಚಿತ್ರ ನೋಡಿದನಂತೆ, ನೇರ ಬಂದು ಮಸೀದಿ ನೋಡಿದನಂತೆ, ಮಸೀದಿಗೆ ನಾವು ಹತ್ತಿಕೊಂಡಿರುವುದು ಕಂಡು ಅವನ ಮುಖ ಸಣ್ಣದಾಯಿತಂತೆ. ಇಂಥ ಚಂದದ ಗೋಡೆಗೆ ಈ ಜನ ಈಚೆಗೆ ಬಂದು ಗುಡಿಸಲು ಕಟ್ಟಿಕೊಂಡಿದ್ದಾರೆ, ತೆರವು ಮಾಡಿಸಿ ಮಸೀದಿಯನ್ನು ಮೊದಲಿನಂತೆ ಮಾಡೋಣ ಎಂದು ಹುಕುಂ ಬರೆಸಿದ. ನಾವು ಹೋಗಿ ಕೈಮುಗಿದು ಹೇಳಿದೆವು, ಮಸೀದಿ ಕಟ್ಟಿದ ದಿನದಿಂದ ನಮ್ಮವರು ಅಲ್ಲೇ ಇದ್ದಾರೆ, ಬೇಗಂ ಸಾಹೇಬರೇ ಮಸೀದಿಯ ಚಾಕರಿಯವರಿಗೆ ಆ ಜಾಗ ಕೊಟ್ಟದ್ದು ಎಂದು. ರುಜುವಾತು ಕೇಳಿದರು. ಹಳೆಯ ಸನದುಗಳೆಲ್ಲ ಲೂಟಿಯ ಕಾಲದಲ್ಲಿ ಸುಟ್ಟುಹೋದವೆಂದು ನಿನಗೂ ಗೊತ್ತು. ಆಗ ಸಾಹೇಬ ಗೋಡೆಯಿಂದ ಚಿತ್ರ ಇಳಿಸಿ ಮೇಜಿನ ಮೇಲೆ ಇಡಿಸಿದ. ಅದರ ಮೂಲೆಯಲ್ಲಿ ನಿನ್ನ ಹೆಸರು, ವರ್ಷ, ಎಲ್ಲ ಚಂದದ ಅಕ್ಷರದಲ್ಲಿತ್ತು. ಅಷ್ಟು ಚಂದವಾಗಿ ಬರೆಯಲು ನಿನಗೆ ಕಲಿಸಿದವಳೂ ನಾನೇ. ಇಲ್ಲಿ ಬರೆದ ವರ್ಷದಲ್ಲಿ ಈ ಗಲ್ಲಿ ಇರಲಿಲ್ಲ, ನೋಡಿ ಎಂದ ಸಾಹೇಬ.

ಕಚೇರಿಯಲ್ಲಿ ನಾನು ಬುರ್ಖಾ ಹಾಕಿಕೊಂಡು ಬಾಗಿಲ ಹತ್ತಿರ ಕುಳಿತಿದ್ದೆ. ರಮ್ಜೂ ಚಾಚಾ ಎದ್ದು ಮೇಜಿನ ಹತ್ತಿರ ಹೋಗಿ, ಹಿಟ್ಟು ಮೆತ್ತಿದ ಬೆರಳನ್ನು ಗಾಜಿನ ಮೇಲಿಟ್ಟು, "ಹುಜೂರ್, ಈ ಅಡಿಕೆ ಗಾತ್ರದವನು ನಾನೇ. ನನ್ನ ಒಲೆ ಮುಂದೆನೇ ನಿಲ್ಲಿಸಿ ಬರ್ದ. ನಾನಿದ್ದೀನಿ ಅಂದ್ಮೇಲೆ ಒಲೆ ಎಲ್ಲೋಗತ್ತೆ?" ಎಂದ. ಮುನ್ಶಿ ಹರಸುಖ ಲಾಲರು ಅದನ್ನು ತಿರುಗಿಸಿ ಹೇಳಿದರು, ಕಚೇರಿಯ ದುಭಾಷಿ ಕೆಲಸ ಅವರದೇ. ಸಾಹೇಬ ನಕ್ಕು ಏನೋ ಅಂದ. ಮುನ್ಶಿಯವರು ನೆಲ ನೋಡುತ್ತಾ ಹೇಳಿದರು, "ನಿನ್ನ ಹಿಂದೆ ಏನೂ ಇರ್ಲಿಲ್ಲ ಅನ್ನೋದಕ್ಕೆ ನೀನೇ ಸಾಕ್ಷಿ ನಿಂತಿದ್ದೀಯಲ್ಲಪ್ಪಾ ಅಂತಾರೆ." ಚಾಚಾ ತಿರುಗಿ ನನ್ನ ಕಡೆ ನೋಡಿದ.

ಆಗ ನಾನು ಎದ್ದೆ. ಪರದೆಯ ಹೆಂಗಸು ಕಚೇರಿಯಲ್ಲಿ ಬಾಯಿ ಬಿಡುವುದೇ ಎಂದು ಯಾರೋ ಗೊಣಗಿದರು. ಗೊಣಗಲಿ ಎಂದುಕೊಂಡೆ. ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿಸಿ ರಟ್ಟನ್ನು ನೀರಿಗೆ ಹಾಕಿಸಿ ಎಂದೆ. ಅಂಟು ನೆನೆದರೆ ಹಾಳೆಗಳು ಬಿಡುತ್ತವೆ, ರಟ್ಟಿನ ಒಳಗಿನ ಹಾಳೆಯಲ್ಲಿ ನನ್ನ ತಮ್ಮನ ಕೈಯಲ್ಲೇ ಬರೆದ ಗಲ್ಲಿ ಇದೆ, ಒಲೆಯೂ ಇದೆ, ಹೊಗೆಯೂ ಇದೆ ಎಂದೆ. ಮುನ್ಶಿಯವರು ಹೇಳಿ ಮುಗಿಸುವಷ್ಟರಲ್ಲಿ ಸಾಹೇಬನ ಎರಡೂ ಕೈ ಚಿತ್ರದ ಮೇಲೆ ಹೋಗಿದ್ದವು. "ಮೇಲಿನ ಚಿತ್ರ ಏನಾಗತ್ತೆ ಅಂತ ಕೇಳ್ತಾರಮ್ಮಾ," ಎಂದರು ಮುನ್ಶಿ. "ಮೇಲಿನ ಚಿತ್ರ ಹೋಗತ್ತೆ ಮುನ್ಶಿಜಿ, ಗೋಂದಿನ ಬಣ್ಣ ನೀರಲ್ಲಿ ನಿಲ್ಲಲ್ಲ. ಮನೆಗಳು ಉಳ್ಕೊಳ್ತವೆ," ಎಂದೆ. ಸಾಹೇಬ ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡ. ಅವನಿಗೆ ಕೈ ಬರಲಿಲ್ಲ, ಕರಾಮತ್. ಎಷ್ಟೋ ಮನೆಗಳಿಗೆ ಸುತ್ತಿಗೆ ಹಾಕಿಸಲು ಹಿಂದೆಮುಂದೆ ನೋಡದವನಿಗೆ ಒಂದು ರಟ್ಟನ್ನು ನೀರಿಗೆ ಹಾಕಲು ಕೈ ಬರಲಿಲ್ಲ. ಕೊನೆಗೆ, ಚಿತ್ರ ಹಾಳು ಮಾಡುವುದು ಯಾಕೆ, ಬರೆದವನು ಕಲ್ಕತ್ತೆಯಲ್ಲಿ ಬದುಕಿದ್ದಾನಲ್ಲ, ಅವನನ್ನೇ ಕೇಳೋಣ, ಕಂಡದ್ದನ್ನೇ ಬರೆದೆಯೋ ಏನಾದರೂ ಬಿಟ್ಟೆಯೋ ಎಂದು, ಅವನು ಹೇಳಿದ ಹಾಗೆ ಆಗಲಿ ಎಂದ.

ಆ ದಿನ ನಮ್ಮ ಗಲ್ಲಿಯಲ್ಲಿ ಈದ್ ಬಂದ ಹಾಗಿತ್ತು. ತಿಳಿದುಕೋ. ನಿನ್ನನ್ನು ಕೇಳುತ್ತಾರಂತೆ ಎಂದ ಮೇಲೆ ಇನ್ನೇನು ಚಿಂತೆ ಎಂದು ರಮ್ಜೂ ಚಾಚಾ ಹಾಲು ಕೇಸರಿ ಹಾಕಿ ಶೀರ್ಮಾಲ್ ರೊಟ್ಟಿ ಬೇಯಿಸಿ ಮನೆಮನೆಗೂ ಹಂಚಿದ. "ಆಪಾ, ನಿನ್ನ ತಮ್ಮ ಒಂದೇ ಒಂದು ಸಾಲು ಬರೆದ್ರೆ ಸಾಕು, ಆ ಸಾಹೇಬ ಬೂಟು ಬಿಟ್ಟು ಓಡ್ತಾನೆ," ಎಂದು ಗಾಳಿಪಟದವರ ಸೊಸೆ ನನ್ನ ಕೈ ಹಿಡಿದು ಕುಣಿದಳು. ನನಗೂ ಚಿಂತೆಯಿರಲಿಲ್ಲ. ಮಾಳಿಗೆಯ ಮಣ್ಣು ಮಳೆಗೆ ಸೋರುತ್ತಿತ್ತಲ್ಲ, ಅದನ್ನು ಮೆತ್ತಿಸಿದೆ. ಬೀಳುವ ಮನೆಗೆ ಯಾರಾದರೂ ಮಾಳಿಗೆ ಮೆತ್ತಿಸುತ್ತಾರೆಯೇ? ನಾನು ಮೆತ್ತಿಸಿದೆ. ಅಷ್ಟು ನಂಬಿದ್ದೆ.

ನಿನ್ನ ಉತ್ತರ ಬಂತು. ಕಚೇರಿಯಲ್ಲಿ ಎಲ್ಲರ ಮುಂದೆ ಮುನ್ಶಿಯವರು ಓದಿದರು. ಫಾರಸಿಯಲ್ಲಿ ನಿನ್ನದೇ ಕೈಬರಹ, ಕೆಳಗೆ ಕಪ್ತಾನನ ಮೊಹರು. "ನಾನು ಸ್ಥಳದಲ್ಲಿ ನಿಂತು, ಅಳೆದು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ, ಒಂದು ಗೆರೆಯನ್ನೂ ಬಿಟ್ಟಿಲ್ಲ, ಒಂದು ಗೆರೆಯನ್ನೂ ಸೇರಿಸಿಲ್ಲ." ಮುನ್ಶಿಯವರು ಓದಿ ಮುಗಿಸಿ, ಕಾಗದದ ಹಿಂಭಾಗ ತಿರುಗಿಸಿ ನೋಡಿದರು, ಅಲ್ಲಿ ಇನ್ನೇನಾದರೂ ಇದೆಯೇನೋ ಎಂದು. ಏನೂ ಇರಲಿಲ್ಲ. ಗಾಳಿಪಟದವರ ಸೊಸೆ ದಾರಿಯಲ್ಲಿ ಮುಖ ತಿರುಗಿಸಿಕೊಂಡೇ ನಡೆದಳು.

ನೀನು ಹಾಗೆ ಯಾಕೆ ಬರೆದೆ ಎಂದು ನನಗೆ ತಿಳಿಯದೆ ಇಲ್ಲ. ನನಗೆ ಬೇರೆಯಾಗಿ ಬರೆದ ಕಾಗದದಲ್ಲಿ ಹೇಳಿದ್ದೀಯ. ಕಪ್ತಾನ ಪುಸ್ತಕ ಮಾಡುತ್ತಿದ್ದಾನೆ, ಅದರ ಮೊದಲ ಪುಟದಲ್ಲಿ ಪ್ರತಿ ಚಿತ್ರವೂ ಕಣ್ಣಾರೆ ಕಂಡು ಅಳೆದು ಬರೆದದ್ದು ಎಂದು ಅಚ್ಚಾಗುತ್ತದೆ, ಒಂದು ಚಿತ್ರದಲ್ಲಿ ಅಳಿಸಿದ್ದೇನೆ ಎಂದು ಒಪ್ಪಿಕೊಂಡರೆ ಉಳಿದವನ್ನು ಯಾರು ನಂಬುತ್ತಾರೆ, ನನ್ನ ಹೆಸರು ಮಣ್ಣುಪಾಲಾಗುತ್ತದೆ ಆಪಾ ಎಂದು. ಓದಿದೆ. ನಿನ್ನ ಹೆಸರು ಉಳಿಯಿತು, ಮುಬಾರಕ್. ಮಣ್ಣುಪಾಲಾದದ್ದು ಅಮ್ಮಿ ನಿನ್ನನ್ನು ಹೆತ್ತ ಕೋಣೆ. ಹೆದರಿ ಹಾಗೆ ಬರೆದಿದ್ದರೆ ಒಂದು ದಿನ ಕ್ಷಮಿಸುತ್ತಿದ್ದೆನೋ ಏನೋ. ಆದರೆ ಆ ಅಕ್ಷರದಲ್ಲಿ ಒಂದು ಕಡೆಯೂ ಕೈ ನಡುಗಿರಲಿಲ್ಲ. ನಿನ್ನ ಕೈ ನನಗೆ ಗೊತ್ತಿಲ್ಲವೇ? ಮೀಸೆ ಚಿಗುರುವ ಮೊದಲಿನಿಂದ ನೋಡಿದ್ದೇನೆ.

ಕೆಡವುವ ಕೂಲಿಗಳು ಪಾಪ ಒಳ್ಳೆಯವರು. ನಮ್ಮ ಪಾತ್ರೆಪಡಗ ತೆಗೆದುಕೊಳ್ಳಲು ಬಿಟ್ಟರು, ಅಬ್ಬಾನ ಪೆಟ್ಟಿಗೆಯನ್ನು ಅವರೇ ಹೊತ್ತು ತಂದು ಹೊರಗಿಟ್ಟರು. ಮೊದಲು ಮಾಳಿಗೆ ಬಿತ್ತು, ನಾನು ಮೆತ್ತಿಸಿದ ಮಣ್ಣು ಇನ್ನೂ ಹಸಿಯಿತ್ತು. ಆಮೇಲೆ ಗೋಡೆಗಳು. ಸಾಹೇಬ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ, ಹೂಬಳ್ಳಿಯ ಕೆಂಪುಕಲ್ಲು ಯಾವಾಗ ಕಾಣುತ್ತದೋ ಎಂದು ಕತ್ತು ಚಾಚಿಕೊಂಡು. ಧೂಳು ಇಳಿಯಿತು. ಏನು ಕಂಡಿತು ಗೊತ್ತೇ? ಬರೀ ಇಟ್ಟಿಗೆ. ಕೆಂಪುಕಲ್ಲಿಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಒರಟು ಇಟ್ಟಿಗೆಯ ಗೋಡೆ, ಅದರ ಮೇಲೆ ಒಲೆಯ ಮಸಿ, ನಮ್ಮ ಮನೆಯ ಸುಣ್ಣ, ಅಮ್ಮಿ ದೀಪ ಇಡುತ್ತಿದ್ದ ಗೂಡು. ಬೇಗಂ ಸಾಹೇಬರ ಮೇಸ್ತ್ರಿಗಳು ಆ ಕಡೆಗೆ ಕಲ್ಲು ಹೊದಿಸಿಯೇ ಇರಲಿಲ್ಲ. ಮೊದಲ ದಿನದಿಂದ ಅಲ್ಲಿ ಮನೆಗಳಿದ್ದವು, ಮನೆಯ ಹಿಂದೆ ಹೂ ಕೆತ್ತಿಸಿ ತೋರಿಸುವುದು ಯಾರಿಗೆ ಎಂದು ಹಾಗೇ ಬಿಟ್ಟಿದ್ದರು. ಅವರು ಕೇಳಿದ ರುಜುವಾತು ನಮ್ಮ ಬೆನ್ನ ಹಿಂದೆಯೇ ಇತ್ತು, ಮನೆ ಬಿದ್ದ ಮೇಲೆ ಕಣ್ಣಿಗೆ ಬಿತ್ತು. ನಾನು ಬೀದಿಯಲ್ಲಿ ನಿಂತು ಜೋರಾಗಿ ಅತ್ತೆ. ಅತ್ತದ್ದಕ್ಕೆ ನಾಚಿಕೆಯಿಲ್ಲ.

ಸಾಹೇಬ ಚಿತ್ರ ತರಿಸಿ ಗೋಡೆಯನ್ನೂ ಅದನ್ನೂ ನೋಡಿದ, ಮತ್ತೆ ಮತ್ತೆ ನೋಡಿದ. ಈಗಲಾದರೂ ನಮ್ಮ ಮಾತು ನಿಜವೆಂದು ತಿಳಿಯಿತೇನೋ ಎಂದು ನಾವೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು. ಅವನು ಮುನ್ಶಿಯವರಿಗೆ ಹೇಳಿದ್ದು ಬೇರೆ. ಈ ಜನ ಮನೆ ಕಟ್ಟಿಕೊಳ್ಳುವಾಗ ಕಲ್ಲಿನ ಹಲಗೆಗಳನ್ನು ಕಿತ್ತು ಮಾರಿಕೊಂಡಿದ್ದಾರೆ, ಅದೃಷ್ಟವಶಾತ್ ನಮ್ಮಲ್ಲಿ ಚಿತ್ರವಿದೆ, ಅದರಲ್ಲಿರುವ ಹಾಗೆಯೇ ಹೊಸದಾಗಿ ಕೆತ್ತಿಸಿ ಕೂರಿಸಿ. ನಿನಗೆ ಗೊತ್ತಿದೆಯಲ್ಲ, ಆ ಹೂಬಳ್ಳಿ ಎಲ್ಲಿಂದ ಬಂತು ಎಂದು. ದಕ್ಷಿಣದ ಹಾಳೆಯನ್ನು ಮಗುಚಿ ಹಾಕಿ ಇದ್ದಿಲು ತಟ್ಟಿದ್ದು ಅದು. ಈಗ ಕಲ್ಲುಕುಟಿಗರು ದಿನವೂ ಟಕಟಕ ಎನ್ನಿಸುತ್ತಿದ್ದಾರೆ, ಆ ಸದ್ದು ಈ ಕೋಣೆಯವರೆಗೂ ಕೇಳುತ್ತದೆ. ರಮ್ಜೂ ಚಾಚಾ ಒಂದು ದಿನ ಬಂದಿದ್ದ. ತಾಜಗಂಜಿನಲ್ಲಿ ಯಾರದೋ ಒಲೆಯ ಮುಂದೆ ಕೂಲಿಗೆ ಹಿಟ್ಟು ನಾದುತ್ತಾನೆ, ಸ್ವಂತ ಒಲೆಯಿಲ್ಲ. ಹೊಸಿಲಲ್ಲಿ ಕುಳಿತು, "ನೋಡಮ್ಮಾ, ನಿನ್ನ ತಮ್ಮನ ಚಿತ್ರ ಸುಳ್ಳಾಗಬಾರ್ದಂತೆ. ಅದಕ್ಕೆ ಗೋಡೇನೇ ತಿದ್ದುತಾವ್ರೆ," ಎಂದು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. "ನನ್ನನ್ನೊಬ್ಬನ್ನ ಆ ಚಿತ್ರದಿಂದ ತೆಗೆಸಿಬಿಡೋಕೆ ಹೇಳು, ಅಲ್ಲಿ ಒಬ್ಬನೇ ನಿಲ್ಲೋಕೆ ಬೇಜಾರು," ಎಂದ. ಹೇಳಿದ್ದೇನೆ, ಕೇಳಿಸಿಕೋ.

ಮಸೀದಿಯ ಸುದ್ದಿ ಕೇಳುತ್ತೀಯಾದರೆ, ಅದೀಗ ನಿನ್ನ ಚಿತ್ರದ ಹಾಗೆಯೇ ಇದೆ. ಸುತ್ತ ಹುಲ್ಲು ಹಾಕಿಸಿದ್ದಾರೆ. ಒಣಗಿಸಿದ ಬಟ್ಟೆಯಿಲ್ಲ, ಹೊಗೆಯಿಲ್ಲ, ನಾಯಿಯೂ ಬರುವುದಿಲ್ಲ. ಮುಅಜ್ಜಿನ್ ಸಾಹೇಬರು ಈಗ ಊರಾಚೆಯಿಂದ ನಡೆದು ಬಂದು ಅಜಾನ್ ಕೊಡುತ್ತಾರೆ, ಬೆಳಗಿನ ನಮಾಜಿಗೆ ಅವರ ಹಿಂದೆ ನಿಲ್ಲಲು ಕೆಲವು ದಿನ ಒಬ್ಬರೂ ಇರುವುದಿಲ್ಲವಂತೆ. ನಿಲ್ಲುತ್ತಿದ್ದವರೆಲ್ಲ ಗಲ್ಲಿಯವರೇ ಆಗಿದ್ದರಲ್ಲ. ಈಗ ಗಾಡಿಯಲ್ಲಿ ಮೇಮ್‌ಸಾಹೇಬರು ಬರುತ್ತಾರೆ, ಛತ್ರಿ ಹಿಡಿದುಕೊಂಡು ನೋಡುತ್ತಾರೆ, ಹೋಗುತ್ತಾರೆ.

ನನ್ನ ಚಿಂತೆ ಬೇಡ. ಮುನ್ಶಿಯವರ ಹೆಂಡತಿ ಒಳ್ಳೆಯವಳು. ನನ್ನ ಅಡಿಗೆ ನನಗೆ, ಅವರ ಅಡಿಗೆ ಅವರಿಗೆ, ಆದರೆ ಚಳಿಗೆ ಬಿಸಿಲು ಕಾಯಿಸುವಾಗ ಇಬ್ಬರೂ ಒಂದೇ ಮಂಚದ ಮೇಲೆ ಕೂರುತ್ತೇವೆ. ಅವಳ ಸೊಸೆಯಂದಿರ ಓಢಣಿಗೆ ಕಸೂತಿಯ ನಮೂನೆ ಚುಚ್ಚಿಕೊಡುತ್ತೇನೆ, ಸೂಜಿಯ ಕೈ ಇನ್ನೂ ಚೆನ್ನಾಗಿದೆ. ನೀನು ಕಳಿಸಿದ ಮಲ್ಮಲ್ ಬಟ್ಟೆ ಬಂತು, ಬಹಳ ನಯವಾಗಿದೆ. ಉಡಲಿಲ್ಲ. ಯಾಕೆಂದು ಕೇಳಬೇಡ. ಕಲ್ಕತ್ತೆಗೆ ಬಂದುಬಿಡು ಆಪಾ ಎಂದು ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ ಸೇರಿಸಿದ್ದೀಯ. ಬರುವುದಿಲ್ಲ. ನಿನ್ನ ಮನೆಯ ಗೋಡೆಯಲ್ಲಿ ಮಸೀದಿಗಳ ಚಿತ್ರ ತೂಗುತ್ತಿರುತ್ತವೆ, ಪ್ರತಿಯೊಂದನ್ನು ನೋಡಿದಾಗಲೂ ಇಲ್ಲಿ ಯಾರು ಇದ್ದರೋ ಎಂದು ನಾನು ಕೇಳುತ್ತೇನೆ, ನಿನಗೆ ಸಿಟ್ಟು ಬರುತ್ತದೆ. ದೂರವಿದ್ದರೇ ಇಬ್ಬರಿಗೂ ಕ್ಷೇಮ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು, ಹುಟ್ಟಲಿರುವ ಮಗುವಿಗೆ ಎರಡೂ ಕೈ ಎತ್ತಿ ದುವಾ ಮಾಡುತ್ತೇನೆ. ಮಗುವಿಗೆ ಅಬ್ಬಾನ ಕೈ ಬರಲಿ, ಅಮ್ಮಿಯ ಮನಸ್ಸು ಬರಲಿ. ಪರವರ್ದಿಗಾರನು ನಿನ್ನ ಎರಡೂ ಕಣ್ಣುಗಳನ್ನು ಕಾಪಾಡಲಿ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಈ ದುವಾದಲ್ಲಿ ಮೋಸವಿಲ್ಲ.

ಇಂತು, ನಿನ್ನನ್ನು ಹೊತ್ತು ತಿರುಗಿದ
ಆಪಾ ವಜೀರನ್

ಮಡಿಸುವ ಮೊದಲು ಇನ್ನೊಂದು ಮಾತು, ಡಾಕಿನವನು ಬಾಗಿಲಲ್ಲೇ ನಿಂತಿದ್ದಾನೆ. ನೀನು ಕೇಳಿದ ಚುಚ್ಚುಹಾಳೆಗಳನ್ನು ಕಳಿಸಿದ್ದೇನೆ. ಜಮುನೆಯಲ್ಲಿ ಹೊರಟ ಬಟ್ಟೆ ವ್ಯಾಪಾರಿಯ ದೋಣಿಯಲ್ಲಿ, ನಿನ್ನ ಮಲ್ಮಲ್ಲಿನಲ್ಲೇ ಸುತ್ತಿ. ಒಂದೂ ಬಿಟ್ಟಿಲ್ಲ, ತಾಜ್, ಮೋತಿ ಮಸೀದಿ, ಸಿಕಂದರಾ, ಅಬ್ಬಾನ ಕೈಯ ಅಷ್ಟೂ ಇವೆ. ಬಿಡಿಬಿಡಿಯಾಗಿ ಕಳಿಸಿದರೆ ದಾರಿಯಲ್ಲಿ ಹರಿಯುತ್ತವೆ ಎಂದು ಒಂದರ ಮೇಲೊಂದು ಅಂಟಿಸಿ ರಟ್ಟು ಕಟ್ಟಿದ್ದೇನೆ, ನುಣುಪುಗಲ್ಲಿನಿಂದ ಚೆನ್ನಾಗಿ ತಿಕ್ಕಿದ್ದೇನೆ. ರಟ್ಟಿನ ಮೇಲೆ, ಅಬ್ಬಾನ ಕುಂಚದಲ್ಲಿ, ನಾನೇ ಒಂದು ಚಿತ್ರ ಬರೆದಿದ್ದೇನೆ. ನನ್ನ ಗೆರೆ ನಿನ್ನಷ್ಟು ನೇರವಿಲ್ಲ, ನಗಬೇಡ. ಬಡೀ ಬೇಗಂ ಮಸೀದಿಯ ಉತ್ತರ ಭಾಗ. ರಮ್ಜೂ ಚಾಚಾ ಒಲೆಯ ಮುಂದಿದ್ದಾನೆ, ಹೊಗೆ ಮಿನಾರಿನವರೆಗೆ ಹೋಗಿದೆ. ಗೂಡಿನ ಹತ್ತಿರ ನಿಂತವಳು ಅಮ್ಮಿ. ಮಾಳಿಗೆಯ ಮೇಲೆ ಬೋರಲು ಮಲಗಿ ಗೆರೆ ಎಳೆಯುತ್ತಿರುವವನು ನೀನು. ಚುಚ್ಚುಹಾಳೆಗಳು ಬೇಕೆಂದರೆ ರಟ್ಟನ್ನು ಒಂದು ಹಗಲು ನೀರಿನಲ್ಲಿ ಇಡು, ಅಂಟು ತೆಳುವಾಗಿಯೇ ಹಾಕಿದ್ದೇನೆ, ಹಾಳೆಗಳು ಕೆಡದೆ ಬಿಡುತ್ತವೆ. ಮೇಲಿನ ಚಿತ್ರ ಹೋಗುತ್ತದೆ. ಆ ಸಾಹೇಬನಿಗೆ ಕೈ ಬರಲಿಲ್ಲ. ನಿನಗೆ ಬರುತ್ತದೆಯೋ ನೋಡು.